ಭಾವನವರ ತಾಮ್ರದ ಹಾವುಗಳು

ನಮ್ಮ ಭಾವನವರು ಹಾವು ಸಾಕಿದ್ದರು. ಅದೂ ಎಲ್ಲಿ? ದೆಹಲಿಯ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ! ಗಾಬರಿಯಾಗಬೇಡಿ, ಎಲ್ಲವೂ ತಾಮ್ರದವು, ಕಿರುಬೆರಳಿನಷ್ಟು ಉದ್ದ. ಕಚ್ಚುತ್ತಿರಲಿಲ್ಲ ನಿಜ, ಆದರೆ ಒಂದಾದರೂ ಹಾವಿನ ಹಾಗಿರಬೇಡವೇ?

ಮೆಟ್ರೋ ಹೊಸದಾಗಿ ಓಡತೊಡಗಿದ್ದ ಕಾಲ. ಜನವೆಲ್ಲ ಅದನ್ನು ನೋಡಲು ಹೋದರೆ ಈ ಮಹಾನುಭಾವರು ಗ್ಯಾಸ್ ಟಾರ್ಚು, ಬೆಸುಗೆ ಕಡ್ಡಿ, ಬೆಸುಗೆಗೆ ಹಚ್ಚುವ ಬಿಳಿಗಾರದ ಪೊಟ್ಟಣ ಹೊತ್ತು ತಂದರು. ಫೈಲು ತಳ್ಳುವ ಗುಮಾಸ್ತರಿಗೆ ಬೆಂಕಿಯ ಸಹವಾಸ ಏಕೆ ಬೇಕಿತ್ತು? ಕಾರಣವಿತ್ತು. ತೀರಿಕೊಂಡ ನಮ್ಮಪ್ಪ ಪೂಜೆಯಲ್ಲಿ ತೀರ್ಥ ಕೊಡುತ್ತಿದ್ದ ತಾಮ್ರದ ಉದ್ಧರಣೆಯ ತುದಿಯಲ್ಲಿ ಹೆಡೆಯೆತ್ತಿದ ಹಾವಿತ್ತು. ಅಕ್ಕನ ಮನೆಗೆ ಬರುವಾಗ ಅಮ್ಮ ಅಪ್ಪನದೆಂದು ತಂದದ್ದು ಅದೊಂದನ್ನೇ. ಹಬ್ಬದ ಬೆಳಿಗ್ಗೆ ಭಾವ ಅದನ್ನು ಹುಣಸೆಹಣ್ಣು ಹಾಕಿ ಎಷ್ಟು ಭಕ್ತಿಯಿಂದ ತಿಕ್ಕಿದರೆಂದರೆ, ಹೆಡೆ ಕೈಗೇ ಬಂತು!

"ಹೋಗಲಿ ಬಿಡಿ, ಹಳೇದು," ಎಂದರು ಅಮ್ಮ. ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿಟ್ಟರು.

ಶುರುವಾಯಿತು ಭಾವನವರ ಅಭ್ಯಾಸ: ತಾಮ್ರದ ತಂತಿ, ತಗಡಿನಲ್ಲಿ ಪುಟ್ಟ ಹಾವು ಮಾಡಿ ಹೆಡೆ ಬೆಸೆಯುವುದು. ಕಾದ ತಾಮ್ರ ಕೆಂಪಾಗುವುದು ಬಿಸಿಲಿನಲ್ಲಿ ಕಾಣುವುದಿಲ್ಲವೆಂದು ಭಾನುವಾರ ಮಧ್ಯಾಹ್ನ ಬಾಲ್ಕನಿಗೆ ಕಂಬಳಿ ಕಟ್ಟಿದರು. ಮೊದಲ ವಾರ ಬೆಸುಗೆ ಹತ್ತಲಿಲ್ಲ, ಕಂಬಳಿಗೆ ಬೆಂಕಿ ಹತ್ತಿತು! ಕೆಳಗಿನ ಮನೆಯ ಪಂಜಾಬಿ ಆಂಟಿ ಕೂಗಿದರು, "ಭಾಯಿ ಸಾಹಬ್, ರೋಟಿ ಜಲ್ ರಹೀ ಹೈ!" ರೊಟ್ಟಿ ಸೀಯುತ್ತಿದೆಯಂತೆ!

ಮುಂದಿನ ವಾರಗಳಲ್ಲಿ ಹೆಡೆಗಳು ಕರಗಿ ಜೋತುಬಿದ್ದವು. ಅಕ್ಕನ ಪುಟ್ಟ ಮಗಳು ಒಂದನ್ನೆತ್ತಿ ನೋಡಿ ತೀರ್ಪು ಕೊಟ್ಟಳು: "ಪಪ್ಪಾ, ಇದು ಹಾವು ಥೋಡೀ ಹೈ, ಚಮ್ಮಚ್ ಹೈ!" ಹಾವಲ್ಲವಂತೆ, ಚಮಚವಂತೆ!

ಮುಖರ್ಜಿ ನಗರದಲ್ಲಿ ಸರಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತ, ವಾರಕ್ಕೊಮ್ಮೆ ಸಾರನ್ನಕ್ಕೆ ಬರುತ್ತಿದ್ದ ನನಗೆ ನೀರಿನ ಬಕೆಟ್ ಹಿಡಿದು ನಿಲ್ಲುವ ಕೆಲಸ. ಅಷ್ಟರವರೆಗೆ ನನಗೆ ಸಿಕ್ಕಿದ್ದ ಏಕೈಕ ಹುದ್ದೆ ಅದು!

ಕೊನೆಗೊಂದು ಭಾನುವಾರ ಭಾವ ಅಮ್ಮನ ಮುಂದೆ ಕೈಯೊಡ್ಡಿ ನಿಂತರು. "ಅತ್ತೆ, ಅದನ್ನ ಕೊಡ್ತೀರಾ?"

ಅಮ್ಮ ದೇವರ ಪೆಟ್ಟಿಗೆಯ ಬಟ್ಟೆಗಂಟನ್ನು ತಡಮಾಡಿ ಕೊಟ್ಟು, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಈ ಹೆಡೆಯೂ ಕರಗಿದರೆ? ಅಕ್ಕ ಕಣ್ಣುಮುಚ್ಚಿ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಟಾರ್ಚು ಬುಸುಗುಟ್ಟಿತು. ತಾಮ್ರ ಕಪ್ಪಾಯಿತು, ಕೆಂಪಾಯಿತು. ಭಾವ ಕಡ್ಡಿ ಮುಟ್ಟಿಸಿದರು. ಅದು ಕರಗಿ ಸಂದಿನ ಸುತ್ತ ಹರಿಯಿತು.

"ಸಾಕು ಭಾವ, ಸಾಕು!" ನಾನು ಕಿರುಚಿದೆ.

ಟಾರ್ಚು ಆರಿತು. ಹೆಡೆ ನಿಂತಿತ್ತು! ಅಬ್ಬಾ, ಹೋದ ಜೀವ ಬಂದಂತಾಯಿತು. ಎಡಕ್ಕೆ ಕೊಂಚ ಸೊಟ್ಟಗಿತ್ತು, ಅಷ್ಟೇ. "ಯಾರು ಬಂದ್ರು ಅಂತ ನೋಡ್ತಿದೆ," ಎಂದು ಹೊರಗೆ ಬಂದ ಅಮ್ಮನೇ ನಕ್ಕರು.

ತೊಳೆದು, ದೇವರ ಮುಂದಿಟ್ಟು, ಅದರಲ್ಲೇ ತೀರ್ಥ ಕೊಡಲು ಬಂದರು. ಭಾವನವರ ಅಂಗೈ ತುಂಬ ಸುಟ್ಟ ಕಲೆಗಳು.

"ಇಷ್ಟೊಂದು ಸುಟ್ಕೊಂಡಿದ್ದೀರಲ್ಲ! ಹೋಗಲಿ ಬಿಡಿ ಅಂತ ಅವತ್ತೇ ಹೇಳಿದ್ದೆನಲ್ಲ?"

"ಹೇಳಿದ್ರಿ, ಅತ್ತೆ. ಆದ್ರೆ ಅವತ್ತಿಂದ ಸ್ಟೀಲ್ ಚಮಚದಲ್ಲಿ ತೀರ್ಥ ಕೊಡೋವಾಗ ನೀವು ನನ್ನ ಮುಖ ನೋಡ್ತಾನೇ ಇರ್ಲಿಲ್ಲ."

ಅಮ್ಮ ತಲೆಯೆತ್ತಿ ಅಳಿಯನ ಮುಖ ನೋಡಿದರು. ಇಬ್ಬರ ಕಣ್ಣೂ ತುಂಬಿತ್ತು. ಬಕೆಟ್ ಹಿಡಿದೇ ನಿಂತಿದ್ದವನದೂ.