ಕುಮಾರಿ ದಾನೇಶ್ವರಿಯ ವಯಸ್ಸಿನ ಕುರಿತು ಸಮಿತಿಯ ಠರಾವುಗಳು

ಘಾಟ್ಕೋಪರ್‌ನ ‘ವಲಸೆ ಕುಟುಂಬ ಮತ್ತು ಯುವಜನ ಸರ್ವಾಂಗೀಣ ಅಭ್ಯುದಯ ಕೇಂದ್ರ’ದ ಕಾರ್ಯಕಾರಿ ಸಮಿತಿಯು ಕುಮಾರಿ ದಾನೇಶ್ವರಿಯ ವಯಸ್ಸು ಮೂರು ವರ್ಷ ಎಂದು ಅವಿರೋಧವಾಗಿ ತೀರ್ಮಾನಿಸಿದ ದಿನ, ಆಕೆಗೆ ಏಳು ತುಂಬಿ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಇದರಿಂದ ತೀರ್ಮಾನಕ್ಕೆ ಯಾವ ಬಾಧೆಯೂ ಆಗಲಿಲ್ಲ.

ಬಾಧೆ ಆದದ್ದು ಆಕೆಯ ತಾಯಿ ಭಾಗವ್ವನಿಗೆ. ಸುರಪುರದ ಕಡೆಯಿಂದ ಬಂದ ಭಾಗವ್ವ ಪವಾಯಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿಗೆ ಇಟ್ಟಿಗೆ ಹೊರುತ್ತಿದ್ದಳು. ಗಂಡ ಶರಣು ಅಲ್ಲೇ ಸೆಂಟ್ರಿಂಗ್ ಕೆಲಸಕ್ಕಿದ್ದ. ದಾನೇಶ್ವರಿ, ಮನೆಯವರ ಬಾಯಲ್ಲಿ ದಾನಿ, ಹುಟ್ಟಿದ್ದು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ. ಅವತ್ತು ತಾಯಿ ಬದುಕಿದಳು, ಕೂಸು ಅತ್ತಿತು, ಅಷ್ಟಕ್ಕೇ ಎಲ್ಲರೂ ಖುಷಿಪಟ್ಟು ಮಲಗಿದರು. ಹುಟ್ಟಿದ್ದಕ್ಕೆ ಸರ್ಟಿಫಿಕೇಟು ಬೇಕೆಂದು ಯಾರಿಗೆ ಹೊಳೆಯಬೇಕು? ಈಗ ಭಾಗವ್ವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ಬರುವ ಜೂನಿಗೆ ಮಗಳು ಶಾಲೆಯ ಒಂದನೇ ಇಯತ್ತೆಗೆ ಹೋಗಲೇಬೇಕು. ತನ್ನ ಹಾಗೆ ಅವಳ ತಲೆ ಮೇಲೂ ಇಟ್ಟಿಗೆ ಬರಬಾರದು.

ಹತ್ತಿರದ ಕನ್ನಡ ಶಾಲೆಯವರು ವಯಸ್ಸಿಗೆ ಏನಾದರೂ ಆಧಾರ ತನ್ನಿ ಎಂದರು. ಆಧಾರ ಇದ್ದದ್ದು ಕೇಂದ್ರದಲ್ಲಿ ಮಾತ್ರ. ದಾನಿ ಎರಡೂವರೆ ವರ್ಷದವಳಿದ್ದಾಗ ಭಾಗವ್ವ ಕೇಂದ್ರದ ಶಿಶುವಿಹಾರದಲ್ಲಿ ಅವಳ ಹೆಸರು ಬರೆಸಿದ್ದಳು.

ಆ ಶಿಶುವಿಹಾರದ ವಿಷಯ ಇಲ್ಲಿ ಹೇಳಬೇಕು. ವಲಸೆ ಕಾರ್ಮಿಕರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಕಂಪನಿ ಅದಕ್ಕೆ ಹಣ ಕೊಟ್ಟಿತ್ತು. ತೊಟ್ಟಿಲು ಬಂದವು, ಗೋಡೆಗೆ ಮೊಲದ ಚಿತ್ರ ಬಂತು, ಬಾಗಿಲಿಗೆ ಕೆಂಪು ರಿಬ್ಬನ್ನೂ ಬಂತು. ಬರದಿದ್ದವರು ಮುಖ್ಯ ಅತಿಥಿಗಳು. ಅವರ ದಿನಾಂಕ ಇಂದು ಸಿಕ್ಕೀತು, ನಾಳೆ ಸಿಕ್ಕೀತು ಎನ್ನುವುದರೊಳಗೆ ನಾಲ್ಕು ಮಳೆಗಾಲ ಕಳೆದವು. ಉದ್ಘಾಟನೆಯಾಗದ ಕೋಣೆಯಲ್ಲಿ ಮಗುವನ್ನು ಮಲಗಿಸುವುದು ಅತಿಥಿಗಳಿಗೆ ಮಾಡುವ ಅವಮಾನವಾದ್ದರಿಂದ ಮಕ್ಕಳು ಮರಳಿನ ರಾಶಿಯ ಮೇಲೆ ಮಲಗಿದರು. ಉಳಿದ ಕುಟುಂಬಗಳು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋದವು. ದಾನಿ ಒಬ್ಬಳೇ ಉಳಿದಳು, ಮತ್ತು ಸಂಸ್ಥೆಗೆ ಒಂದು ಮಾತೂ ತಿಳಿಸದೆ ಬೆಳೆದುಬಿಟ್ಟಳು.

ಭಾಗವ್ವ ಕೇಂದ್ರಕ್ಕೆ ಹೋಗುವ ಎರಡು ದಿನ ಮೊದಲಷ್ಟೇ ಮುಖ್ಯ ಅತಿಥಿಗಳ ದಿನಾಂಕ ಸಿಕ್ಕಿತ್ತು. ಹಾಗಾಗಿ ಆಫೀಸಿನಲ್ಲಿ ಇನ್ನೂ ಪೇಢೆ ಹಂಚುತ್ತಿದ್ದರು.

“ಅಕ್ಕೋರ, ಸಾಲಿಯವ್ರು ವಯಸ್ಸಿಂದು ಒಂದು ಚೀಟಿ ಕೇಳ್ಯಾರ್ರಿ,” ಎಂದಳು ಭಾಗವ್ವ, ಸಂಯೋಜಕಿ ವಿನೋದಿನಿಗೆ. “ನನ್ನ ಮಗಳಿಗಿ ಏಳು ವರ್ಷ ಅಂತ ಬರದು ಕೊಟ್ಟುಬಿಡ್ರಿ.”

ವಿನೋದಿನಿ ಮುಂಬಯಿಯಲ್ಲೇ ಹುಟ್ಟಿ ಸಮಾಜಸೇವೆಯಲ್ಲಿ ಎಂ.ಎ. ಮಾಡಿದವಳು. ಪೇಢೆ ಬಾಯಲ್ಲಿ ಇಟ್ಟುಕೊಂಡೇ ಗಾಬರಿಯಾದಳು. “ಏಳಾ? ಅರೇ ಭಗವಾನ್! ಭಾಗವ್ವ, ಇನ್ವಿಟೇಶನ್‌ನಲ್ಲಿ ಮೂರು ಅಂತ ಇದೆಯಲ್ಲ!”

ಇತ್ತು. ಆಮಂತ್ರಣದ ಒಕ್ಕಣೆಯನ್ನು ದಾನಿಗೆ ಮೂರಿದ್ದಾಗಲೇ ಬರೆದಿಟ್ಟಿದ್ದರು. ದಿನಾಂಕದ ಜಾಗ ಮಾತ್ರ ಖಾಲಿ ಇತ್ತು. ಈಗ ದಿನಾಂಕ ತುಂಬಿ ಎರಡು ಸಾವಿರ ಕಾರ್ಡು ಹೊಡೆಸಿಯಾಗಿತ್ತು. ‘ಮೂರು ವರ್ಷದ ಪ್ರಥಮ ಫಲಾನುಭವಿ ಕು. ದಾನೇಶ್ವರಿಯು ಅತಿಥಿಗಳಿಗೆ ಹೂಗುಚ್ಛ ನೀಡುವಳು.’

ಅಧ್ಯಕ್ಷ ಅಣ್ಣು ಸುವರ್ಣರನ್ನು ಕರೆಸಲಾಯಿತು. ಉಡುಪಿ ಕಡೆಯವರು, ಮೂರು ಹೋಟೆಲ್ಲುಗಳ ಯಜಮಾನರು, ಬಡವರೆಂದರೆ ಕಣ್ಣಲ್ಲಿ ನೀರು ತರುವವರು. ಅವರು ದಾನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಹಳ ನೊಂದುಕೊಂಡರು.

“ಎಂತ ಮಾರಾಯ್ತಿ ಇದು? ಇಷ್ಟು ಉದ್ದ ಆಗುವವರೆಗೆ ನೀನು ಎಂತ ಮಾಡ್ತಾ ಇದ್ದೆ?”

“ಇಟ್ಟಂಗಿ ಹೊರ್ತಿದ್ದೆ ಸಾಹೇಬ್ರ. ಕೂಸು ಬೆಳದ್ರ ನಾ ಏನ್ ಮಾಡ್ಲಿರಿ?”

“ಬೆಳೆಯಬೇಡ ಅಂತ ಯಾರೂ ಹೇಳುವುದಿಲ್ಲ. ಆದರೆ ಆಫೀಸಿಗೆ ಒಂದು ಮಾತು ತಿಳಿಸಬೇಕಿತ್ತಲ್ವಾ? ಈಗ ಕಾರ್ಡ್ ಪ್ರಿಂಟ್ ಆಗಿ ಆಯ್ತು. ಕಾರ್ಡ್ ಬದಲಿಸುವುದು ಸಣ್ಣ ಸಂಗತಿ ಅಲ್ಲ. ವಯಸ್ಸು ಹೇಗೂ ನಮ್ಮ ಕೈಯಲ್ಲೇ ಉಂಟು.”

ಅಂದು ಸಂಜೆಯೇ ಸಮಿತಿ ಸೇರಿತು. ಅಧ್ಯಕ್ಷರ ಹೋಟೆಲ್ಲಿನಿಂದಲೇ ಗೋಳಿಬಜೆ, ಸೇಮಿಗೆ, ಫಿಲ್ಟರ್ ಕಾಫಿ ತರಿಸಿ, ಅದರ ಬಿಲ್ಲನ್ನು ‘ವಲಸೆ ಶಿಶುಗಳ ಪೌಷ್ಟಿಕ ಆಹಾರ’ ಎಂಬ ತಲೆಬರಹದಡಿ ಹಾಕಿ, ಚರ್ಚೆ ಆರಂಭಿಸಲಾಯಿತು. ಕೈಗೆ ಹತ್ತಿದ ಎಣ್ಣೆ ಒಣಗುವ ಮೊದಲೇ ಠರಾವು ಪಾಸಾಯಿತು. ಮುಂದಿನ ಆದೇಶದವರೆಗೆ ದಾನೇಶ್ವರಿಗೆ ಮೂರು ವರ್ಷ. ಬಿದ್ದ ಹಲ್ಲುಗಳನ್ನು ‘ಇನ್ನೂ ಹುಟ್ಟಿಲ್ಲ’ ಎಂದು ಪರಿಗಣಿಸತಕ್ಕದ್ದು. ಸಾರ್ವಜನಿಕ ಸ್ಥಳದಲ್ಲಿ ಆಕೆ ಆದಷ್ಟು ಕುಳಿತೇ ಇರತಕ್ಕದ್ದು.

ಭಾಗವ್ವ ಬಾಯಿ ತೆರೆಯಲು ಹೋದಳು. “ಫಂಕ್ಶನ್ ಒಂದು ಮುಗಿಯಲಿ, ಆಮೇಲೆ ಎಲ್ಲ ಸರಿ ಮಾಡುವ,” ಎಂದು ಅಣ್ಣು ಸುವರ್ಣರು ಒಂದು ಪೇಢೆ ಕೊಟ್ಟರು. ಆಗಲಿ, ದೊಡ್ಡ ಮನುಷ್ಯರು, ಒಂದು ದಿನದ ಮಾತು ಎಂದು ಅವಳು ಪೇಢೆಯನ್ನು ಸೆರಗಿಗೆ ಕಟ್ಟಿಕೊಂಡಳು.

ಉದ್ಘಾಟನೆ ವಿಜೃಂಭಣೆಯಿಂದ ನಡೆಯಿತು. ದಾನಿಗೆ ಝಾಲರಿನ ಟೋಪಿ ಹಾಕಿ ತೊಟ್ಟಿಲಲ್ಲಿ ಕೂರಿಸಿದ್ದರು. ಕಾಲು ಹೊರಗೆ ಬರುತ್ತಿದ್ದವಾದ್ದರಿಂದ ಮೇಲೆ ಶಾಲು ಹೊದಿಸಿದ್ದರು. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ, ಫೋಟೋಕ್ಕಾಗಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದರು. ಅರ್ಧ ಎತ್ತುವಷ್ಟರಲ್ಲಿ ಅವರ ಸೊಂಟ ಕಟಕ್ ಎಂದಿತು. ಅನುಭವಿ ಮನುಷ್ಯರು, ಬಾಗಿದ ಭಂಗಿಯಲ್ಲೇ ಮೈಕು ತರಿಸಿಕೊಂಡು, “ಇದು ಕೇಂದ್ರದ ಪೌಷ್ಟಿಕ ಆಹಾರದ ಮಹಿಮೆ!” ಎಂದರು. ಚಪ್ಪಾಳೆಯೋ ಚಪ್ಪಾಳೆ.

“ಮಗೂ, ನಿನಗೆ ಎಷ್ಟು ವರ್ಷ?” ಎಂದು ಅವರು ಪ್ರೀತಿಯಿಂದ ಕೇಳಿದರು.

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಾನಿ ಟೋಪಿ ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದಳು: “ಏಳ್ರಿ. ಸಾತ್ ಸಾಲ್. ಸಾತ್ ವರ್ಷೆ.”

ಅಧ್ಯಕ್ಷರ ಮುಖ ಬಿಳಿಚಿತು. ಆದರೆ ಅತಿಥಿಗಳ ಮುಖ ಅರಳಿತು. “ನೋಡಿದಿರಾ! ಮೂರೇ ವರ್ಷಕ್ಕೆ ಏಳರ ತನಕ ಅಂಕಿ ಗೊತ್ತು, ಅದೂ ಕನ್ನಡ, ಹಿಂದಿ, ಮರಾಠಿ ಮೂರು ಭಾಷೆಯಲ್ಲಿ!” ಮುಂದಿನ ಸಾಲಿನಲ್ಲಿ ಕೂತಿದ್ದ ಕಂಪನಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಶುವಿಹಾರದ ಅನುದಾನವನ್ನು ಅಲ್ಲೇ ದುಪ್ಪಟ್ಟು ಮಾಡಿದರು.

ಎರಡು ದಿನ ಬಿಟ್ಟು ಕೇಂದ್ರ ಕೊಟ್ಟ ಚೀಟಿ ಹಿಡಿದು, ಓದು ಬಾರದ ಭಾಗವ್ವ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯ ಶಾಂತಪ್ಪನವರು ವಿಜಯಪುರದ ಕಡೆಯವರು. ಓದಿ, ಕೆಳಗಿನ ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿ ಚೀಟಿಯನ್ನು ಮೇಜಿನ ಮೇಲಿಟ್ಟರು.

“ಇದರಾಗ ಮೂರು ವರ್ಷ ಅಂತ ಅದ ನೋಡ್ರಿ ತಂಗಿ. ಸಹಿ ಅದ, ಸಿಕ್ಕಾ ಅದ.”

“ಸರ, ನೀವೇ ನೋಡ್ರಲ್ಲ, ಕಣ್ಣಮುಂದ ನಿಂತಾಳ! ಇಕಿ ಮೂರು ವರ್ಷದಾಕಿ ಹಂಗ ಕಾಣಸ್ತಾಳೇನ್ರಿ?”

“ಕಣ್ಣು ನಂದು ಖಾಸಗಿ, ತಂಗಿ. ಸಿಕ್ಕಾ ಸಂಸ್ಥಾದ್ದು. ಮ್ಯಾಲ ಅವತ್ತ ನಾನೂ ಫಂಕ್ಶನ್ನಿಗೆ ಬಂದಿದ್ದೆ, ಚಪ್ಪಾಳಿ ಹೊಡದೀನಿ. ಹೊಡದ ಚಪ್ಪಾಳಿ ಈಗ ಹೆಂಗ ಹಿಂದಕ್ಕ ತಗೊಳ್ಳಲಿ? ಆರು ತುಂಬಿದ ಮ್ಯಾಲ ಕರಕೊಂಡು ಬರ್ರಿ.”

“ಯಾವಾಗ ತುಂಬತಾವ್ರಿ?”

“ಅದನ್ನ ಸಮಿತಿಯವ್ರು ಹೇಳಬೇಕು.”

ಭಾಗವ್ವನ ನೆತ್ತಿ ಕಾದಿತು. ನೇರ ಕೇಂದ್ರಕ್ಕೆ ಬಂದು ಬಾಯಿಗೆ ಬಂದಂತೆ ಕೂಗಾಡಿದಳು. “ನಿಮ್ಮ ಕಾರ್ಡಿಗಿ ಬೆಂಕಿ ಹಚ್ಲಿ! ನನ್ನ ಮಗಳ ನಾಕು ವರ್ಷ ಎಲ್ಲಿಟ್ಟೀರಿ, ತಗೀರಿ ಹೊರಗ!” ಆಫೀಸಿನವರು ಅವಳ ಭಾವನೆಗಳನ್ನು ಗೌರವಿಸಿ ನೀರು ಕೊಟ್ಟು ಕೂರಿಸಿದರು. ಮಕ್ಕಳು ಬೇಗ ಬೆಳೆಯಬೇಕೆಂಬ ಆತುರದಿಂದ ಬಳಲುವ ವಲಸೆ ತಾಯಂದಿರಿಗಾಗಿ ಮೂರು ದಿನದ ಆಪ್ತಸಮಾಲೋಚನಾ ಶಿಬಿರವನ್ನು ಏರ್ಪಡಿಸಿದರು. ಶಿಬಿರಕ್ಕೆ ಬಂದವಳು ಭಾಗವ್ವ ಒಬ್ಬಳೇ. ಮೂರು ದಿನದ ಕೂಲಿ ಹೋಯಿತು; ಬದಲಿಗೆ ಧ್ಯಾನ ಕಲಿತಳು.

“ಆರು ಅಂತಾದ್ರೂ ಮಾಡ್ರಿ ಅಕ್ಕೋರ,” ಎಂದು ಕೊನೆಯ ದಿನ ಅಂಗಲಾಚಿದಳು.

ವಿನೋದಿನಿಗೂ ಪಾಪ ಅನ್ನಿಸಿತು, ನಿಜವಾಗಿಯೂ. “ಆರು ವರ್ಷಕ್ಕೆ ನಮ್ಮಲ್ಲಿ ಸ್ಕೀಮೇ ಇಲ್ಲ ಭಾಗವ್ವ. ಮೂರರ ತನಕ ಶಿಶು ವಿಭಾಗ. ಹದಿನೆಂಟರಿಂದ ಮೂವತ್ತೈದು ಯುವ ವಿಭಾಗ. ಮಧ್ಯದಲ್ಲಿ ಯಾರೂ ಬರಲ್ಲ.”

ಮಾರ್ಚ್ ತಿಂಗಳಲ್ಲಿ ಕಂಪನಿಯ ಧೋರಣೆ ಬದಲಾಯಿತು. ಶಿಶುಗಳಿಗೆ ಸಾಕಷ್ಟು ಮಾಡಿಯಾಯಿತು, ಮುಂದಿನ ವರ್ಷ ಪೂರ್ತಿ ಹಣ ಯುವಜನರಿಗೆ ಎಂದು ಪತ್ರ ಬಂತು. ಕೇಂದ್ರದಲ್ಲಿ ಯುವಜನರು ಇರಲಿಲ್ಲ. ದಿನವೆಲ್ಲ ದುಡಿದ ಹುಡುಗರು ‘ನಾಯಕತ್ವ ಗುಣಗಳ ಉದ್ದೀಪನ’ಕ್ಕೆ ಯಾಕೆ ಬಂದಾರು? ಸಮಿತಿ ತುರ್ತಾಗಿ ಸೇರಿ, ಮತ್ತೆ ಗೋಳಿಬಜೆ ತಿಂದು, ಭಾಗವ್ವನ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ದಾನೇಶ್ವರಿಯ ವಯಸ್ಸನ್ನು ಹೆಚ್ಚಿಸಲು ಒಪ್ಪಿತು. ಹದಿನೆಂಟು ಮತ್ತು ಮೂವತ್ತೈದರ ಸರಾಸರಿ ತೆಗೆದು ಇಪ್ಪತ್ತಾರೂವರೆ ಎಂದು ನಿಗದಿಪಡಿಸಿತು. ಠರಾವಿನ ಕೊನೆಗೆ ಅಭಿನಂದನೆಯೂ ಇತ್ತು.

“ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟಿದ್ದೇವೆ,” ಎಂದರು ಅಣ್ಣು ಸುವರ್ಣರು. “ಇನ್ನು ಬೇಸರ ಮಾಡಬೇಡ.”

ಭಾಗವ್ವನಿಗೆ ಆಗ ಇಪ್ಪತ್ತೆಂಟು. ದಾರಿಯುದ್ದಕ್ಕೂ ಮಗಳನ್ನು ನೋಡುತ್ತಾ ನಡೆದಳು. ತನಗಿಂತ ಒಂದೂವರೆ ವರ್ಷಕ್ಕೆ ಸಣ್ಣವಳು, ರಸ್ತೆ ದಾಟಲು ತನ್ನ ಸೆರಗು ಹಿಡಿದಿದ್ದಾಳೆ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಮಗಳ ಮೂಗು ಒರೆಸಿದಳು.

ಜೂನ್ ಬಂತು. ಶಾಂತಪ್ಪನವರು ಹೊಸ ಚೀಟಿ ಓದಿ ತಲೆ ಅಲ್ಲಾಡಿಸಿದರು. “ಆಗ ಕಮ್ಮಿ ಬಿತ್ತು, ಈಗ ಹೆಚ್ಚಾತು. ಇಪ್ಪತ್ತಾರೂವರಿ ವರ್ಷದ ಹೆಣ್ಣಮಗಳಿಗೆ ಒಂದನೇ ಇಯತ್ತೆದಾಗ ಎಲ್ಲಿ ಕುಂದ್ರಸಲಿ? ಇಕಿಗೆ ಮಕ್ಕಳೇನಾರ ಇದ್ರ ಕಳಸ್ರಿ, ಕಣ್ಣಿಗೆ ಒತ್ತಿಕೊಂಡು ತಗೋತೀನಿ. ಹುಡುಗರ ಪಟಸಂಖ್ಯಾ ಇಲ್ಲದ ಸಾಲಿ ಮುಚ್ಚೂ ಹಂಗ ಆಗೇದ.”

ಭಾಗವ್ವ ಮಗಳನ್ನು ನೋಡಿದಳು. ಶಾಂತಪ್ಪನವರನ್ನು ನೋಡಿದಳು. ಅವಳಿಗೆ ಕಲಿಸಿದ ಧ್ಯಾನ ಆಗ ಉಪಯೋಗಕ್ಕೆ ಬಂತೋ ಏನೋ, ತಣ್ಣಗೆ ಹೇಳಿದಳು:

“ಒಬ್ಬಾಕಿ ಅದಾಳ್ರಿ ಸರ.”

“ಹೌದೇನ್? ಎಷ್ಟು ವರ್ಷ?”

“ಏಳು.”

“ಹೆಸರು?”

“ಶಿವಕುಮಾರಿ,” ಎಂದಳು, ಬಾಯಿಗೆ ಬಂದ ಹೆಸರು.

“ಎಲ್ಲದಾಳ?”

“ಇಲ್ಲೇ ನಿಂತಾಳಲ್ರಿ.”

ಶಾಂತಪ್ಪನವರು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದಾನಿಯನ್ನು ಬಹಳ ಹೊತ್ತು ದಿಟ್ಟಿಸಿದರು. “ತಾಯಿಯಂಗೇ ಅದಾಳ,” ಎಂದರು. “ಕೇಂದ್ರದ್ದು ಒಂದು ಚೀಟಿ ತರ್ರಿ ಸಾಕು.”

ಚೀಟಿಗೆ ಯಾವ ಅಡ್ಡಿಯೂ ಬರಲಿಲ್ಲ. ‘ಎರಡನೇ ತಲೆಮಾರಿನ ವಲಸಿಗರ ಯೋಜನೆ’ಗೆ ಒಬ್ಬರೂ ಸಿಗದೆ ವಿನೋದಿನಿ ನಿದ್ದೆಗೆಟ್ಟಿದ್ದಳು, ಅದಕ್ಕೆ ವಯಸ್ಸಿನ ಮಿತಿ ಇರಲಿಲ್ಲ, ತಾಯಿ ಕೇಂದ್ರದ ಫಲಾನುಭವಿಯಾಗಿದ್ದರೆ ಸಾಕಿತ್ತು. ಅಣ್ಣು ಸುವರ್ಣರು ಸಹಿ ಹಾಕುವಾಗ ಕಣ್ಣೊರೆಸಿಕೊಂಡರು. ನಮ್ಮ ತೊಟ್ಟಿಲಲ್ಲಿ ಆಡಿದ ಕೂಸು ಇಷ್ಟು ಬೇಗ ತಾಯಿಯಾಯಿತಲ್ಲ ಎಂದರು. ಭಾಗವ್ವನಿಗೆ ಅಜ್ಜಿಯಾದ ಲೆಕ್ಕದಲ್ಲಿ ಶಾಲು ಹೊದಿಸಿದರು.

ಹೀಗೆ ಶಿವಕುಮಾರಿ ಒಂದನೇ ಇಯತ್ತೆಗೆ ಸೇರಿದಳು. ಮೊದಮೊದಲು ಹಾಜರಿ ಕರೆದಾಗ ತಿರುಗಿ ಕಿಟಕಿ ನೋಡುತ್ತಿದ್ದಳು, ಆಮೇಲೆ ರೂಢಿಯಾಯಿತು. ಶನಿವಾರ ಮಧ್ಯಾಹ್ನ ದಾನೇಶ್ವರಿಯಾಗಿ ಯುವ ನಾಯಕತ್ವದ ಭಾಷಣ ಕೇಳಿ, ಹಿಂದಿನ ಬೆಂಚಿನಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

ದೀಪಾವಳಿಯ ಮುಂಚೆ ಪಾಲಕರ ಸಭೆ ಬಂತು. ತಾಯಂದಿರೇ ಬರತಕ್ಕದ್ದು ಎಂದು ಶಾಲೆಯ ಸೂಚನೆ ಇತ್ತು. ಭಾಗವ್ವ ಒಂದು ದಿನದ ಕೂಲಿ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಬಾಗಿಲಲ್ಲೇ ಶಾಂತಪ್ಪನವರು ವಿನಯದಿಂದ ತಡೆದರು. “ಅಜ್ಜಿಗೋಳು ಹೊರಗ ಕುಂದ್ರಬೇಕ್ರಿ. ಒಳಗ ತಾಯಿ ಅಷ್ಟ.” ದಾನಿ ಒಬ್ಬಳೇ ಒಳಗೆ ಹೋಗಿ ಪಾಲಕರ ಬೆಂಚಿನ ತುದಿಯಲ್ಲಿ ಕೂತಳು. ಭಾಗವ್ವ ಕಿಟಕಿಯ ಸರಳು ಹಿಡಿದು ನಿಂತಳು. ಹೆತ್ತವಳು ನಾನು, ನಿಂತದ್ದು ಹೊರಗೆ.

“ದಾನೇಶ್ವರಿಯವರ, ನಿಮ್ಮ ಮಗಳು ಶಾಣ್ಯಾ ಅದಾಳ್ರಿ,” ಎಂದರು ಬಾಯಿ, ಅಂದರೆ ತರಗತಿಯ ಶಿಕ್ಷಕಿ. “ಓದೂದರಾಗ ಕ್ಲಾಸಿಗೇ ಮುಂದ. ಆದ್ರ ಮಾತು ಭಾಳ. ಮನ್ಯಾಗ ಸ್ವಲ್ಪ ಬುದ್ಧಿ ಹೇಳ್ರಿ.”

“ಹೇಳ್ತೀನ್ರಿ ಬಾಯಿ,” ಎಂದಳು ದಾನಿ ಗಂಭೀರವಾಗಿ. “ಇನ್ನೊಮ್ಮೆ ಮಾತಾಡಿದ್ಲಂದ್ರ ನಾ ಬಿಡಂಗಿಲ್ಲ ಅಕಿನ.”

ಬಾಯಿ ಪ್ರಗತಿಪತ್ರ ಮುಂದಿಟ್ಟರು. ದಾನಿ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ತಾಯಿಯ ಸಹಿ ಎಂಬಲ್ಲಿ ತನ್ನ ಹೆಸರು ಬರೆದಳು. ಭಾಗವ್ವನ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಹೆಂಗಸು ಅವಳೇ. ಕಿಟಕಿಯಾಚೆ ಭಾಗವ್ವನಿಗೆ ಅಳು ತಡೆಯಲಾಗಲಿಲ್ಲ.

ದಾನಿ ಹೊರಗೆ ಬಂದ ಮೇಲೆ ಭಾಗವ್ವ ಶಾಲೆಯ ಎದುರಿನ ಗಾಡಿಯಲ್ಲಿ ಎರಡು ವಡಾಪಾವ್ ಕೊಂಡಳು, ಮಗಳಿಗೊಂದು, ಮೊಮ್ಮಗಳಿಗೊಂದು. ದಾನಿ ಎರಡನ್ನೂ ತಿಂದಳು.