ತೂಬು ಮುಚ್ಚಿಸಿದ ಭಾಷಣ

ಬೇರೆಯವರಿಗೆ ಭಾಷಣ ಬರೆದುಕೊಡುವುದರಲ್ಲಿ ಒಂದು ಸುಖವಿದೆ: ಮಾತು ನಮ್ಮದು, ಜವಾಬ್ದಾರಿ ಅವರದು. ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಈ ಸುಖಕ್ಕಾಗಿಯೇ ನಮ್ಮ ಶಾಸಕರ ಸೇವೆಗೆ ನಿಂತೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಶಾಸಕರು ಸಜ್ಜನರು. ಬರೆದುಕೊಟ್ಟದ್ದನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಸಂಡೂರಿನಲ್ಲಿ ಒಮ್ಮೆ, ‘ಇಲ್ಲಿ ಚಪ್ಪಾಳೆಗೆ ನಿಲ್ಲುವುದು’ ಎಂದು ನಾನು ಅಂಚಿನಲ್ಲಿ ಗೀಚಿದ್ದನ್ನೂ ಗಂಭೀರವಾಗಿ ಓದಿದರು. ಜನ ಪಾಪ, ತಟ್ಟಿದರು.

ಕಂಪ್ಲಿಯ ಸಭೆಯಲ್ಲಿ ಎಡವಟ್ಟಾಯಿತು. ಕಾಲುವೆಯ ಕೊನೆ ಭಾಗದ ರೈತರು ನೀರು ಬರುತ್ತಿಲ್ಲವೆಂದು ಸಿಟ್ಟಾಗಿದ್ದರು. ‘ಮೇಲಿನ ಊರುಗಳವರು ವಾರಕ್ಕೆ ನಾಲ್ಕು ದಿನ ತೂಬು ಮುಚ್ಚಲಿ’ ಎಂದು ಬರೆದೆ. ಎರಡು ದಿನ ಸಾಕಿತ್ತು. ನಾಲ್ಕು ಎಂದರೆ ಗತ್ತು ಹೆಚ್ಚು. ಮರುವಾರವೇ ಅದು ಜಾರಿಗೆ ಬಂತು. ಭಾಷಣ ಜಾರಿಗೂ ಬರಬಹುದು ಎಂಬ ಕಲ್ಪನೆ ಅಲ್ಲಿಯವರೆಗೆ ನನಗಿರಲಿಲ್ಲ. ಶಾಸಕರು ನನ್ನನ್ನು ‘ನಮ್ಮ ಸಲಹೆಗಾರರು’ ಎಂದು ಪರಿಚಯಿಸತೊಡಗಿದರು. ಮೊದಲು ಮುಚ್ಚಿದ್ದು ಕಮಲಾಪುರದ ತೂಬು. ಅದರ ನೀರಿನಿಂದಲೇ ಬದುಕಿದ್ದದ್ದು ನನ್ನ ಮಾವನವರ ಬಾಳೆತೋಟ.

ಮಾವ ಮುಖ ಬಾಡಿಸಿಕೊಂಡು ಬಂದರು. “ಗೊನಿ ಹಾಕೋ ಹೊತ್ತಿನ್ಯಾಗ ನೀರು ನಿಲ್ಲಿಸ್ಯಾರ, ಅಳಿಯಂದ್ರೇ. ಒಂದು ಅರ್ಜಿ ಬರೀರಿ. ಭಾಳ ಗಟ್ಟಿ ಇರ್ಲಿ.”

ಬರೆದೆ. ನಿಜವಾಗಿಯೂ ಹೊಟ್ಟೆ ಉರಿದು ಬರೆದೆ. ಅದನ್ನೋದಿ ಶಾಸಕರ ಕಣ್ಣು ಒದ್ದೆಯಾಯಿತು.

“ಯಾರೋ ಭಾಳ ಚಲೋ ಬರದಾರ್ರೀ ಮೇಷ್ಟ್ರೇ. ಆದ್ರ ಕಂಪ್ಲಿಯಾಗ ಮಾತು ಕೊಟ್ಟೀನಿ. ಮನಸ್ಸಿಗೆ ನೋವಾಗದಂಗ, ಆಗೂದಿಲ್ಲ ಅಂತ ಒಂದು ಉತ್ತರ ಬರೀರಿ.”

ಆ ತೋಟ ನನ್ನ ಮಾವನವರದು, ಆ ನಾಲ್ಕು ದಿನ ನನ್ನ ಗತ್ತು ಎಂದು ಆಗಲೇ ಹೇಳಬಹುದಿತ್ತು. ಆದರೆ ನನ್ನ ಬಾಯಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಮನೆಗೆ ಬಂದು, ಹೆಂಡತಿ ಅಕ್ಕಿ ಆರಿಸುತ್ತಿದ್ದ ಪಡಸಾಲೆಯಲ್ಲೇ ಕೂತು, ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿಕೊಳ್ಳುತ್ತ ಉತ್ತರದ ಕರಡು ಮಾಡಿದೆ. ‘ತಮ್ಮ ಅಳಲು ನಮ್ಮ ಅಳಲೇ ಆಗಿದೆ’ ಎಂಬ ಸಾಲಿಗೆ ಎರಡು ಲೋಟ ಚಹಾ ಖರ್ಚಾಯಿತು.

ಟೈಪಾದ ಆ ಕಾಗದ ಹಿಡಿದು ಮಾವ ನಮ್ಮ ಊಟದ ಹೊತ್ತಿಗೆ ಬಂದರು. ಕನ್ನಡಕ ತಂದಿರಲಿಲ್ಲ, ನನ್ನಿಂದಲೇ ಓದಿಸಿದರು. ಓದುವಾಗ ನನಗೆ ನಾಚಿಕೆಯಾಯಿತು, ಆದರೂ ವಿರಾಮಗಳನ್ನು ಸರಿಯಾಗಿ ಕೊಟ್ಟೆ.

“ಯಾವನು ಇದನ್ನ ಬರದಾವ?” ಮಾವ ಗುಡುಗಿದರು. “ಅವನ ಮನ್ಯಾಗ ಅವನಿಗೆ ಹೆಂಗ ಅನ್ನ ನೀಡ್ತಾರೋ!”

ನನ್ನ ತಟ್ಟೆಗೆ ಬಗ್ಗಿದ್ದ ಹೆಂಡತಿಯ ಸೌಟು ಅಲ್ಲಿಯೇ ನಿಂತಿತು.

“ಇನ್ನೊಂದು ಅರ್ಜಿ ಬರೀರಿ ಅಳಿಯಂದ್ರೇ, ಬಿಡಬ್ಯಾಡ್ರಿ ಅವನ್ನ.”

“ಅಪ್ಪ ಸುಮ್ನ ಯಾಕ ಕಾಯಬೇಕ್ರೀ,” ಎಂದಳು ಹೆಂಡತಿ. “ಉತ್ತರಾನೂ ಈಗ್ಲೇ ಬರದು ಕೊಟ್ಟುಬಿಡ್ರಿ.” ಅನ್ನದ ಪಾತ್ರೆ ಒಳಗೆ ಹೋಯಿತು.

ಮಾವನ ಮುಂದೆ ನಾನು ಅರ್ಜಿಯನ್ನಷ್ಟೇ ಬರೆದೆ. ಉತ್ತರಕ್ಕೆ ಶಾಸಕರು ಹೇಳಿಕಳಿಸುವವರೆಗೆ ಕಾದೆ.