ಮೊರದ ರಾಗಿ, ಗೇಟಿನ ಗುಂಪು

ನಮ್ಮ ಚಿಕ್ಕಪ್ಪನಂಥ ವಿಜ್ಞಾನಿ ನಮ್ಮ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ನಮ್ಮ ಸಾಲಿನ ಯಾವ ಮನೆಯಲ್ಲೂ ರಾಗಿ ಉಳಿಯುತ್ತಿರಲಿಲ್ಲ!

ಅವನು ಶಾಲೆಯ ಮೇಷ್ಟ್ರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಯಾವುದೋ ಪತ್ರಿಕೆಯಲ್ಲಿ ಓದಿದನಂತೆ: ಪರದೇಶದಲ್ಲಿ ಒಂದು ಯಂತ್ರ, ಅದರೊಳಗೆ ವಿದ್ಯುತ್ತು ತುಂಬಿದ ಕಣಗಳನ್ನು ಗಿರಗಿರನೆ ಸುತ್ತಿಸಿ ಓಡಿಸುತ್ತಾರೆ. ಅವು ನಲ್ಲಿ ನೀರಿನ ಹಾಗೆ ಒಂದೇ ಸಮನೆ ಬರುವುದಿಲ್ಲ. ಒಂದು ಕಡೆ ದಟ್ಟ, ಒಂದು ಕಡೆ ತೆಳು, ಗುಂಪುಗುಂಪಾಗಿ ಬರುತ್ತವೆ. ಓದಿದ್ದೇ ತಡ, ರಾಗಿಯೂ ಹಾಗೆ ಗುಂಪುಗೂಡುತ್ತದೋ ನೋಡೋಣವೆಂದು ಮೊರದಲ್ಲಿ ಎರಡು ಸೇರು ರಾಗಿ ಸುರಿದು ಕುಲುಕಲು ಕೂತ. ರಾಗಿ ಅಂಗಳಕ್ಕೆ ಹಾರಿತು. ದಟ್ಟವಾಗಿ ಗುಂಪುಗೂಡಿದವು ಪಕ್ಕದ ಮನೆಯ ಕೋಳಿಗಳು ಮಾತ್ರ.

“ಏನ್ರೀ ಇದು?” ಅಂದಳು ಚಿಕ್ಕಮ್ಮ.

“ಒಂದೇ ಥರ ವಿದ್ಯುತ್ತಿರೋ ಕಣ ಒಂದನ್ನೊಂದು ದೂರ ತಳ್ತವೆ ಕಣೇ. ನೀನೂ ಅತ್ತಿಗೇನೂ ಇದ್ದಂಗೆ.”

ಅತ್ತಿಗೆ ಎಂದರೆ ನಮ್ಮಮ್ಮ. ಈ ವಾರಗಿತ್ತಿಯರು ಮಾತುಬಿಟ್ಟು ವರ್ಷವಾಗಿತ್ತು. ಆ ದಿನ ಚಿಕ್ಕಪ್ಪನಿಗೆ ಮುದ್ದೆ ಸಿಗಲಿಲ್ಲ.

ಆಮೇಲೆ ಅವನ ಪ್ರಯೋಗ ಗಣಿಯ ಗೇಟಿಗೆ ಸಾಗಿತು. ಸಂಜೆ, ಪಾಳಿ ಮುಗಿಯಿತೆಂದು ಗಣಿಯ ಸೈರನ್ನು, ನಮ್ಮ ಬಾಯಲ್ಲಿ ಸಂಗು, ಊದಿದರೆ ಸಾಕು, ಸ್ಲೇಟು ಹಿಡಿದು ಹಾಜರ್. ಆಳುಗಳನ್ನು ಗಣಿಯಿಂದ ಎತ್ತಿ ತರುವ ಕೇಜು ಮೇಲೆ ಬಂದಾಗ ಒಂದು ದಟ್ಟ ಗುಂಪು, ಆಮೇಲೆ ಖಾಲಿ, ಮತ್ತೆ ಗುಂಪು. ಒಂದೊಂದಕ್ಕೂ ಒಂದು ಗೀಟು.

“ಮೇಷ್ಟ್ರು ನಮ್ ಆಜರಿ ತಕ್ಕೊಂತವ್ರೆ ಕಣ್ಲಾ,” ಎಂದು ಕೆಲಸಗಾರರು ನಗುತ್ತಿದ್ದರು.

ಅಪ್ಪನೂ ಅದೇ ಗಣಿಗೆ ಇಳಿಯುತ್ತಿದ್ದ. ಅವನು ಗೇಟು ದಾಟಿದ್ದೇ ಚಿಕ್ಕಪ್ಪ ಸ್ಲೇಟು ಒರೆಸಿಬಿಡುತ್ತಿದ್ದ. ಹಿಂದೆ ಇನ್ನೂ ನಾಲ್ಕು ಗುಂಪು ಬರುವುದಿರುತ್ತಿತ್ತು! ಇದೆಂಥ ವಿಜ್ಞಾನ?

ಒಂದು ಮಧ್ಯಾಹ್ನ ಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಗಣಿಯ ಆಳದಲ್ಲಿ ಬಂಡೆ ಸಿಡಿದಿತ್ತು. ಅಮ್ಮ, ಚಿಕ್ಕಮ್ಮ, ನಾನು ಗೇಟಿಗೆ ಓಡಿದೆವು. ಚಿಕ್ಕಪ್ಪ ಆಗಲೇ ಅಲ್ಲಿ ನಿಂತಿದ್ದ. ಗುಂಪುಗಳು ಬಂದವು, ತೆಳುವಾದವು, ನಿಂತೇ ಹೋದವು. ಅಪ್ಪ ಬರಲಿಲ್ಲ.

“ಮನೆಗ್ ಓಗಿ ಮೇಷ್ಟ್ರೇ,” ಅಂದ ಕಾವಲುಗಾರ.

“ಇನ್ನೊಂದು ಗುಂಪು ಐತೆ,” ಅಂದ ಚಿಕ್ಕಪ್ಪ.

ಹೊತ್ತು ಮುಳುಗುವಾಗ ಕೇಜು ಬಂತು. ಅದರಲ್ಲಿದ್ದವರು ಮೂರೇ ಜನ. ಮೂರನೆಯವನು ಅಪ್ಪ.

“ಇಷ್ಟ್ ಹಿಂದೆ ಬಿದ್ರೆ ನನ್ ಗುಂಪಿನ ಗತಿ ಏನಣ್ಣಾ?” ಎಂದು ಚಿಕ್ಕಪ್ಪ ರೇಗಿದ. ಅಣ್ಣನಿಗಾಗಿ ದಿನಾ ಕಾಯಲು ಅವನಿಗೊಂದು ನೆಪ ಬೇಕಿತ್ತೆಂದು ನನಗೆ ಆಗ ಹೊಳೆದು ದುಃಖ ಉಕ್ಕಿಬಂತು. ಪಕ್ಕದಲ್ಲಿ ಅಮ್ಮನೂ ಚಿಕ್ಕಮ್ಮನೂ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ಇದು ಆ ಪತ್ರಿಕೆಯಲ್ಲಿ ಬಂದಿರಲಿಲ್ಲವೇನೋ.

ಚಿಕ್ಕಪ್ಪ ಸ್ಲೇಟು ಒರೆಸಲು ಹೋದ. ಅಪ್ಪನೇ ಅದನ್ನು ಇಸಕೊಂಡು ತನ್ನ ಮಣ್ಣುಗೈಯಲ್ಲಿ ಒರೆಸಿದ.